ವಿಜ್ಞಾನ ದಿನಕ್ಕೆ ಬಂದ ಲೇತ್

ಫೆಬ್ರುವರಿ 28, ವಿಜ್ಞಾನ ದಿನ. ಚನ್ನಪಟ್ಟಣದ ಹೊರವಲಯದ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಸ್ತುಪ್ರದರ್ಶನದ ಸಡಗರ. ಥರ್ಮೋಕೋಲ್ ಜ್ವಾಲಾಮುಖಿ ಇದ್ದೇ ಇತ್ತು. ಅದಿಲ್ಲದ ಪ್ರದರ್ಶನ ಎಲ್ಲಿದೆ ಹೇಳಿ! ಒಂಬತ್ತನೇ ತರಗತಿಯ ಹುಡುಗನೊಬ್ಬ ಮಾತ್ರ ಮನೆಯ ಪುಟ್ಟ ಲೇತನ್ನೇ ತರುತ್ತೇನೆಂದು ಹಟ ಹಿಡಿದಿದ್ದ.

ಬೊಂಬೆ ಕಡೆಯುವ ತಂದೆಗೆ ಸಿಟ್ಟು ಬಂದಿತ್ತು. ‘ಈ ದೂಳಿಂದ ನೀನಾದ್ರೂ ಪಾರಾಗಲಿ ಅಂತ ಸ್ಕೂಲಿಗೆ ಕಳಿಸಿದ್ರೆ, ಇದನ್ನೇ ಅಲ್ಲಿಗೆ ಹೊತ್ಕೊಂಡು ಹೋಗ್ತೀಯೇನೋ?’ ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಬೆಳಿಗ್ಗೆ ಲೇತನ್ನು ಹೊತ್ತು ತಂದವರು ಅವರೇ.

ಗಿರ್ರನೆ ತಿರುಗುವ ಆಲೆ ಮರದ ತುಂಡಿಗೆ ಹುಡುಗ ಕೆಂಪು ಅರಗಿನ ಕಡ್ಡಿ ಒತ್ತಿದ. ಬೆಂಕಿಯಿಲ್ಲ, ಕುಂಚವಿಲ್ಲ, ಅರಗು ಕರಗಿ ಮರಕ್ಕೆ ಹತ್ತಿತು. ‘ಘರ್ಷಣೆಯಿಂದ ಶಾಖ ಹುಟ್ಟುತ್ತೆ. ಮೆಲ್ಲಗೆ ತಿರುಗಿಸಿದ್ರೆ ಕರಗಲ್ಲ’ ಎಂದ. ಅಂಗೈ ಉಜ್ಜಿಸಿ ಮಾಡುವ ಪಾಠಕ್ಕಿಂತ ಇದು ಎಷ್ಟೋ ಮೇಲು.

‘ಹೊಳಪು ಹೇಗೆ ಬರುತ್ತೆ?’ ಹುಡುಗಿಯೊಬ್ಬಳು ಕೇಳಿದಳು. ಹುಡುಗ ತಡವರಿಸಿದ. ಬಾಗಿಲ ಬಳಿ ನಿಂತಿದ್ದ ತಂದೆ ಜೇಬಿನಿಂದ ಒಣಗಿದ ಕೇದಗೆ ಗರಿ ತೆಗೆದರು. ‘ಇದನ್ನು ಒತ್ತಿ ಹಿಡಿದ್ರೆ ಅರಗು ಸಮನಾಗಿ ಹರಡುತ್ತೆ, ನೋಡವ್ವ’ ಎಂದು ಹಿಡಿದು ತೋರಿಸಿದರು. ಮಕ್ಕಳು ಸುತ್ತುಗಟ್ಟಿದರು. ಮಧ್ಯಾಹ್ನದ ಊಟದ ಗಂಟೆ ಬಾರಿಸಿದರೂ ಲೇತ್ ನಿಲ್ಲಲಿಲ್ಲ.