ಗೋಡೆಯಾಚೆಯ ಗ್ರೈಂಡರು

ಬರೆಯದೆ ತುಂಬಾ ದಿನ ಆಯ್ತು. ಕೆಲಸ ಜಾಸ್ತಿ ಇತ್ತು ಅಂತ ಸುಳ್ಳು ಹೇಳಲ್ಲ, ನಿದ್ದೆ ಕಡಿಮೆ ಇತ್ತು. ಕಾರಣ, ಒಂದು ಗ್ರೈಂಡರು :-)

ಮೊದಲು ಹಿನ್ನೆಲೆ ಹೇಳಿಬಿಡ್ತೀನಿ. ಅಪ್ಪ ಅಮ್ಮ ಅಜ್ಜಂಪುರದಲ್ಲಿ, ಸೋದರಮಾವ ತರೀಕೆರೆಯಲ್ಲಿ, ನಾನು ಕಡೂರಿನಲ್ಲಿ ಬಾಡಿಗೆಗೆ. ತಿಂಗಳಿಗೊಂದು ವಾರ ಬೆಂಗಳೂರಿನ ಆಫೀಸಿಗೆ ಹೋಗಿ ಮುಖ ತೋರಿಸಿದರೆ ಸಾಕು, ಉಳಿದ ದಿನ ಮನೆಯಿಂದಲೇ ಕೆಲಸ. ಅಜ್ಜಂಪುರದಲ್ಲೇ ಇರಬಹುದಿತ್ತು, ಆದರೆ ಅಲ್ಲಿ ನೆಟ್ಟು ಸರಿಯಾಗಿ ಮೀಟಿಂಗಿನ ಹೊತ್ತಿಗೇ ಕೈ ಕೊಡುತ್ತೆ. ಹಾಗಾಗಿ ಕಡೂರಿನ ಬಿ.ಎಚ್. ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಗೊಬ್ಬರದಂಗಡಿಯ ಮೇಲಿರುವ ಜೋಡಿ ಮನೆಗಳಲ್ಲಿ ಒಂದನ್ನು ಹಿಡಿದೆ. ಇನ್ನೊಂದರಲ್ಲಿ ಒಂದು ಸಂಸಾರ. ಗಂಡ ಹೆಂಡತಿ, ಇಬ್ಬರು ಮಕ್ಕಳು. ಎರಡೂ ಮನೆಗೆ ನಡುವೆ ಒಂದೇ ಗೋಡೆ.

ಬಂದ ಮೊದಲ ರಾತ್ರಿ ಹತ್ತೂವರೆಗೆ ಶುರುವಾಯ್ತು. ಗುರ್‌ರ್‌ರ್... ಮಧ್ಯೆ ಮಧ್ಯೆ ಕಲ್ಲಿಗೆ ಕಲ್ಲು ತಗುಲಿದ ಹಾಗೆ ಟಕ್ ಟಕ್. ನಿಂತಿದ್ದು ಹನ್ನೆರಡೂವರೆಗೆ. ಬೆಳಗಿನ ಜಾವ ನಾಲ್ಕೂವರೆಗೆ ಮಿಕ್ಸಿ. ಏನೋ ಫಂಕ್ಷನ್ ಇರಬೇಕು ಅಂದುಕೊಂಡೆ. ಮಾರನೇ ದಿನವೂ ಅದೇ ಫಂಕ್ಷನ್!

ತಮಾಷೆ ಏನಂದ್ರೆ, ನಾನು ಬೆಳೆದಿದ್ದೇ ಸದ್ದಿನಲ್ಲಿ. ಅಜ್ಜಂಪುರದ ನಮ್ಮ ಮನೆ ರೈಲು ಹಳಿಗೆ ಹತ್ತಿರ. ನಡುರಾತ್ರಿ ಗೂಡ್ಸ್ ಹೋದರೆ ಸ್ಟೀಲ್ ಸ್ಟ್ಯಾಂಡಿನ ಲೋಟಗಳು ಮಾತಾಡಿಕೊಳ್ಳುತ್ತಿದ್ದವು. ಒಂದು ದಿನವೂ ಎಚ್ಚರ ಆಗಿದ್ದಿಲ್ಲ. ಅಂಥವನಿಗೆ ಈ ಗ್ರೈಂಡರು ಮಾತ್ರ ತಲೆಯೊಳಗೇ ತಿರುಗುತ್ತಿತ್ತು. ಮೆಡಿಕಲ್ ಶಾಪಿನಿಂದ ಕಿವಿಗೆ ಹಾಕೋ ಪ್ಲಗ್ ತಂದೆ. ಪ್ರಯೋಜನ ಆಗಲಿಲ್ಲ. ಇದು ಗೋಡೆ, ಮಂಚ, ದಿಂಬು ದಾಟಿ ಮೂಳೆಗೇ ಬರೋ ಸದ್ದು. ಗೋಡೆಗೆ ಎರಡು ಸಲ ಗುದ್ದಿದೆ ಕೂಡ. ಆ ಸಣ್ಣತನಕ್ಕೆ ಈಗ ನಾಚಿಕೆ ಆಗುತ್ತೆ. ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ನಿದ್ದೆಗಣ್ಣಲ್ಲಿ ತಪ್ಪು ಬ್ರಾಂಚನ್ನು ಪ್ರೊಡಕ್ಷನ್ನಿಗೆ ಕಳಿಸಿಬಿಟ್ಟೆ. ಮ್ಯಾನೇಜರ್ ಏನಂದರು ಅನ್ನೋದು ಬೇಡ ಬಿಡಿ.

ಅವತ್ತೇ ಸಂಜೆ ಓನರ್ ಹತ್ತಿರ ಹೋದೆ. ಅವರು ಬೇಜಾರು ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರ ಮುಖ ಅರಳಿತು!

"ಒಳ್ಳೇದಾಯ್ತು ಬಿಡಿ. ನೀವೊಂದು ಕಂಪ್ಲೇಂಟ್ ಬರೆದು ಸೈನ್ ಹಾಕಿ ಕೊಡಿ. ಈ ತಿಂಗಳೇ ಅವರನ್ನ ಖಾಲಿ ಮಾಡಿಸ್ತೀನಿ. ನಿಮ್ಮ ಥರದವರೇ ಇನ್ನೊಬ್ಬರಿದ್ದರೆ ಹೇಳಿ."

ಮೆಟ್ಟಿಲಿಳಿಯುವಾಗ ಲೆಕ್ಕ ಹೊಳೀತು. ನಾನು ಕೊಡೋದು ಎಂಟು ಸಾವಿರ. ಪಕ್ಕದವರು ಆರು ವರ್ಷದಿಂದ ಇದ್ದಾರೆ, ನಾಲ್ಕೂವರೆ ಸಾವಿರ. ಎರಡೂ ಒಂದೇ ಅಳತೆಯ ಮನೆ. ನನ್ನದು ಹನ್ನೊಂದು ತಿಂಗಳ ಅಗ್ರಿಮೆಂಟು (ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಬೇಕು, ಅದಕ್ಕೇ ಎಲ್ಲರೂ ಹನ್ನೊಂದಕ್ಕೆ ನಿಲ್ಲಿಸೋದು). ಅವರದು ಬರೀ ಬಾಯಿಮಾತು.

ರಾತ್ರಿ ಕಂಪ್ಲೇಂಟ್ ಬರೆಯೋಕೆ ಕೂತೆ. ಬರೆಯೋದಾದರೆ ಸರಿಯಾಗಿ ಬರೆಯೋಣ ಅಂತ ಶಬ್ದಮಾಲಿನ್ಯ ನಿಯಮ, 2000 ಓದಿದೆ. ಜನವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಅಂದರೆ ಹತ್ತರಿಂದ ಬೆಳಿಗ್ಗೆ ಆರು. ಮಿತಿಗಿಂತ 10 ಡೆಸಿಬಲ್ ಅಥವಾ ಅದಕ್ಕೂ ಜಾಸ್ತಿ ಇದ್ದರೆ ದೂರು ಕೊಡಬಹುದು. ಖುಷಿಯಾಗಿ ಮೊಬೈಲ್ ಆ್ಯಪ್ ಹಾಕಿ ದಿಂಬಿನ ಮೇಲಿಟ್ಟು ಅಳೆದೆ. 51! ದೂರಿಗೆ ಬೇಕಾಗಿದ್ದು 55. ಮೊಬೈಲ್ ಆ್ಯಪಿನ ಲೆಕ್ಕ ಪ್ರಮಾಣೀಕೃತ ಮೀಟರಿನ ಲೆಕ್ಕ ಅಲ್ಲ ಅನ್ನೋದು ಬೇರೆ ಮಾತು. ನನ್ನ ನಿದ್ದೆ ಹಾಳಾಗಿದ್ದು ನಿಜ, ಆದರೆ ಅಂಕಿ ನನ್ನ ಕಡೆ ಇಲ್ಲ.

ತರೀಕೆರೆ ಮಾವನಿಗೆ ಫೋನ್ ಮಾಡಿದೆ. ಅವರ ಪಕ್ಕದ ಮನೆಯಲ್ಲೇ ಅಡಿಕೆ ಸುಲಿಯೋ ಮಷೀನಿದೆ. ಕೊಯ್ಲಿನ ಹೊತ್ತಲ್ಲಿ ರಾತ್ರಿಯೂ ಓಡುತ್ತೆ. ಕೊಯ್ದ ಹಸಿ ಅಡಿಕೇನ ಬೇಗ ಸುಲಿದು ಬೇಯಿಸಬೇಕಲ್ಲ, ನಾಳೆ ಅಂದ್ರೆ ಕೇಳಲ್ಲ. "ನಿಮಗೆ ಹೆಂಗೆ ನಿದ್ದೆ ಬರುತ್ತೆ ಮಾವ?" ಅಂದೆ. "ಬರಲ್ಲ ಕಣೋ. ಆದ್ರೆ ಎಷ್ಟೊತ್ತಿಗೆ ನಿಲ್ಲುತ್ತೆ ಅಂತ ಗೊತ್ತಿರುತ್ತೆ, ಅವರೇ ಬಂದು ಹೇಳಿ ಹೋಗಿರ್ತಾರೆ. ನೀನು ಅವರ ಮನೆಗೆ ಒಂದ್ಸಲನಾದ್ರೂ ಹೋಗಿದೀಯಾ?" ಅಂದರು.

ಹೋಗಿರಲಿಲ್ಲ. ಮೂರು ವಾರದಲ್ಲಿ ಅವರ ಹೆಸರೂ ಕೇಳಿರಲಿಲ್ಲ.

ಭಾನುವಾರ ಸಂಜೆ ಬಾಗಿಲು ತಟ್ಟಿದೆ. "ಬನ್ನಿ ಸಾರ್" ಅಂತ ಆ ಅಕ್ಕ ಮಗನನ್ನು ಎಬ್ಬಿಸಿ ನನಗೆ ಕುರ್ಚಿ ಕೊಟ್ಟರು. ಕಾಫಿ ಬಂತು. ಗಂಡನದು ಬಸ್ ಸ್ಟ್ಯಾಂಡಿನ ಹತ್ತಿರ ತಿಂಡಿ ಗಾಡಿ, ಬೆಳಿಗ್ಗೆ ಆರಕ್ಕೆ ಇಡ್ಲಿ ದೋಸೆ ರೆಡಿ ಇರಬೇಕು. ಅಕ್ಕ ಹಗಲು ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಹೋಗುತ್ತಾರೆ. ಸಂಜೆಯೇ ರುಬ್ಬಬಹುದಲ್ಲ ಅಂತ ಕೇಳಿದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು.

"ಮಗಳು ಎಸ್ಸೆಸ್ಸೆಲ್ಸಿ ಸಾರ್. ಇರೋದು ಒಂದೇ ಹಾಲು, ಹತ್ತು ಗಂಟೆ ತನಕ ಓದ್ಕೋತಾಳೆ. ಗ್ರೈಂಡರ್ ಹಾಕಿದ್ರೆ ಅವಳಿಗೆ ತೊಂದರೆ ಅಂತ ಆಮೇಲೆ ಹಾಕ್ತೀನಿ. ಆದ್ರೂ... ಬೇಜಾರು ಮಾಡ್ಕೋಬೇಡಿ, ನೀವು ದಿನಾ ಒಂಬತ್ತು ಗಂಟೆಗೆ ಇಂಗ್ಲಿಷಲ್ಲಿ ಯಾರ ಜೊತೆ ಅಷ್ಟು ಜೋರಾಗಿ ಜಗಳ ಆಡ್ತೀರಾ?"

ಮೂಲೆಯಲ್ಲಿದ್ದ ಹುಡುಗಿ ಪುಸ್ತಕದೊಳಗೆ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಜಗಳ ಅಲ್ಲ ಮಾರಾಯ್ರೇ, ಅದು ಅಮೆರಿಕದ ಕ್ಲೈಂಟ್ ಕಾಲು! ಸುತ್ತಲಿನ ಸದ್ದು ತಡೆಯೋ ಹೆಡ್‌ಫೋನ್ ಹಾಕಿಕೊಂಡರೆ ನನ್ನ ದನಿ ನನಗೇ ಕೇಳಿಸಲ್ಲ, ಅದಕ್ಕೆ ಕಿರುಚುತ್ತೀನಿ. ಅವಳು ಆಗಾಗ ಮೆಟ್ಟಿಲ ಮೇಲೆ ಕೂತು ಓದುತ್ತಿದ್ದಿದ್ದನ್ನು ನೋಡಿದ್ದೆ. ಗಾಳಿಗೆ ಅಂದುಕೊಂಡಿದ್ದೆ.

"ಗೋಡೆಗೆ ಗುದ್ದಿದ್ದು ಕೇಳಿಸ್ತು" ಅಂದರು ಅಕ್ಕನ ಗಂಡ, ಅಷ್ಟೇ. ನಾನು ಕಾಫಿ ಲೋಟದಲ್ಲಿ ಏನೋ ಹುಡುಕಿದೆ.

ಆಮೇಲೆ ಅಡುಗೆಮನೆ ನೋಡಿದೆ. ನಾನು ಮೆಕ್ಯಾನಿಕಲ್ ಓದಿ ಕೋಡು ಬರೆಯೋ ಜಾತಿಯವನು. ನಾಲ್ಕು ವರ್ಷದ ಓದು ಮೊದಲ ಸಲ ಉಪಯೋಗಕ್ಕೆ ಬಂತು. ಗ್ರೈಂಡರ್ ಕೂತಿದ್ದು ಕಡಪ ಕಲ್ಲಿನ ಅಡುಗೆ ಕಟ್ಟೆ ಮೇಲೆ. ಆ ಕಲ್ಲು ಸೇರಿದ್ದು ನಡುವಿನ ಗೋಡೆಗೆ. ಗೋಡೆಯ ಈಚೆ ನನ್ನ ಮಂಚದ ತಲೆಭಾಗ! ಗಾಳಿಯಲ್ಲಿ ಬಂದಿದ್ದು ಸ್ವಲ್ಪ, ಕಲ್ಲಿನಲ್ಲಿ ಬಂದಿದ್ದೇ ಹೆಚ್ಚು. ಕಿವಿಗೆ ಏನು ತುರುಕಿದರೂ ನಿಲ್ಲದಿದ್ದಿದ್ದು ಅದಕ್ಕೇ. ಮೊದಲು ಗ್ರೈಂಡರ್ ಕೆಳಗೆ ತೆಳ್ಳನೆಯ ರಬ್ಬರ್ ಮ್ಯಾಟ್ ಹಾಕಿದೆವು. ಏನೂ ಬದಲಾಗಲಿಲ್ಲ, ಅದು ತುಂಬಾ ಗಟ್ಟಿ. ಕಂಪನ ತಡೆಯಬೇಕಾದರೆ ಕೆಳಗಿರೋದು ಮೆತ್ತಗಿದ್ದು ಭಾರಕ್ಕೆ ಕುಗ್ಗಬೇಕು, ಇಲ್ಲದಿದ್ದರೆ ನಡುಕ ಹಾಗೇ ದಾಟುತ್ತೆ. ಪಂಚರ್ ಅಂಗಡಿಯಿಂದ ಲಾರಿಯ ಹಳೇ ಟ್ಯೂಬ್ ತಂದು ಮಡಚಿ ನಾಲ್ಕು ದಪ್ಪ ದಿಂಡು ಮಾಡಿ, ಗ್ರೈಂಡರನ್ನು ಕಟ್ಟೆಯಿಂದ ಇಳಿಸಿ ನೆಲದ ಮೇಲೆ, ಆಚೆ ಮೂಲೆಗೆ ಇಟ್ಟೆವು. ಕೆಳಗೆ ಗೊಬ್ಬರದಂಗಡಿ, ರಾತ್ರಿ ಯಾರೂ ಇರಲ್ಲ. ನನ್ನ ಮಂಚವೂ ಎದುರು ಗೋಡೆಗೆ ಹೋಯ್ತು.

ಅವತ್ತು ರಾತ್ರಿ ಆ್ಯಪಿನಲ್ಲಿ 43. ಸದ್ದು ನಿಂತಿಲ್ಲ, ದೂರ ಹೋಗಿದೆ. ನಾಲ್ಕೂವರೆಯ ಮಿಕ್ಸಿಗೆ ಪರಿಹಾರ ಸಿಕ್ಕಿಲ್ಲ, ಕೆಲವು ದಿನ ಎಚ್ಚರ ಆಗುತ್ತೆ, ಸಿಟ್ಟೂ ಬರುತ್ತೆ. ಕ್ಲೈಂಟ್ ಕಾಲು ಈಗ ರಸ್ತೆ ಕಡೆಯ ರೂಮಿನಲ್ಲಿ, ಒಂದು ಕಿವಿ ಖಾಲಿ ಬಿಟ್ಟುಕೊಂಡು. ಹುಡುಗಿ ಒಳಗೇ ಓದುತ್ತಿದ್ದಾಳೆ.

ಮೊನ್ನೆ ಓನರ್ ಸಿಕ್ಕಿದ್ದರು. "ಬರೆದು ಕೊಡಲೇ ಇಲ್ಲವಲ್ಲ?" "ಈಗ ಸದ್ದಿಲ್ಲ ಸಾರ್" ಅಂದೆ. ಅವರಿಗೆ ಖುಷಿಯಾಗಲಿಲ್ಲ. ಮುಂದಿನ ತಿಂಗಳಿಂದ ಪಕ್ಕದ ಮನೆಗೆ ಎಂಟು ಸಾವಿರ ಅಂತ ಹೇಳಿ ಕಳಿಸಿದ್ದಾರೆ. ನನ್ನ ಅಗ್ರಿಮೆಂಟೂ ಸದ್ಯದಲ್ಲೇ ಮುಗಿಯುತ್ತೆ, ಅದನ್ನೂ ನೆನಪಿಸಿದರು. ನಾನು ಬಂದು ಎಂಟು ಸಾವಿರ ಕೊಟ್ಟಿದ್ದಕ್ಕೇ ಈ ರೇಟು ಹುಟ್ಟಿದ್ದು ಅಂತ ಅಕ್ಕನಿಗೂ ಗೊತ್ತು. ಬಾಯಿಬಿಟ್ಟು ಹೇಳಿಲ್ಲ, ದೋಸೆ ಕೊಟ್ಟು ಕಳಿಸುತ್ತಿದ್ದಾರೆ.

ಈ ಭಾನುವಾರ ಅವರ ಗಂಡ, ನಾನು, ಇಬ್ಬರೂ ಒಟ್ಟಿಗೆ ಓನರ್ ಮನೆಗೆ ಹೋಗೋದು ಅಂತ ಆಗಿದೆ. ಆರು ಸಾವಿರಕ್ಕೆ ಒಪ್ಪಿಸಿ, ಅವರಿಗೂ ಅಗ್ರಿಮೆಂಟ್ ಬರೆಸೋ ಯೋಚನೆ. ಏನಾಯ್ತು ಅಂತ ಆಮೇಲೆ ಬರೀತೀನಿ.