ಟ್ರಿನಿಡಾಡಿಗೆ ಹೊರಡುವ ಹವಣಿಕೆ

ಬದಿಯಡ್ಕದಿಂದ ಕಾಸರಗೋಡಿಗೆ ಹೋಗಿಬರುವುದನ್ನೇ ಪ್ರಯಾಣವೆಂದು ಎಣಿಸುವ ನಮ್ಮಂಥವರು ವೆಸ್ಟ್ ಇಂಡೀಸಿನ ಭೂಪಟವನ್ನು ಜಗಲಿಯಲ್ಲಿ ಹರಡಿಕೊಂಡು ಕುಳಿತಿದ್ದೇವೆಂದರೆ ಓದುಗ ಬಂಧುಗಳು ನಗಬಹುದು. ನೆರೆಯವರು ಈಗಾಗಲೇ ನಕ್ಕಿದ್ದಾರೆ. ಆದರೇನು? ಮೂವತ್ತು ವರ್ಷ ಹಳ್ಳಿಯ ಮಕ್ಕಳಿಗೆ ಭೂಪಟದ ಮೇಲೆ ಕೋಲಿಟ್ಟು ತೋರಿಸಿದವರಿಗೆ, ಕೋಲಿನ ತುದಿ ಮುಟ್ಟಿದ ಒಂದಾದರೂ ನೆಲವನ್ನು ಕಾಲಿನಿಂದ ಮುಟ್ಟಬೇಕೆಂಬ ಆಸೆ ಹುಟ್ಟಿದ್ದು ಅಪರಾಧವೆಂದು ನಮಗೆ ತೋರಲಿಲ್ಲ. ಬರುವ ಬೇಸಿಗೆಯ ರಜೆಯಲ್ಲಿ ಟ್ರಿನಿಡಾಡಿಗೆ ಹೋಗಿಬರುವುದೆಂದು ನಿಶ್ಚಯಿಸಿದ್ದೇವೆ.

ಈ ಹುಚ್ಚಿನ ಬೀಜವಿರುವುದು ನಮ್ಮ ತೀರ್ಥರೂಪರ ಟ್ರಂಕಿನಲ್ಲಿ. 1976ರ ಏಪ್ರಿಲ್ ತಿಂಗಳ ಪತ್ರಿಕೆಯ ತುಂಡೊಂದು ಅದರಲ್ಲಿ ಅಡಿಕೆಯ ರಶೀದಿಗಳ ನಡುವೆ ಇಂದಿಗೂ ಇದೆ. ಟ್ರಿನಿಡಾಡಿನ ರಾಜಧಾನಿ ಪೋರ್ಟ್ ಆಫ್ ಸ್ಪೇನಿನ ಕ್ವೀನ್ಸ್ ಪಾರ್ಕ್ ಓವಲ್ ಮೈದಾನದಲ್ಲಿ ಭಾರತ ತಂಡವು 403 ರನ್ನುಗಳ ಗುರಿಯನ್ನು ನಾಲ್ಕೇ ವಿಕೆಟ್ ಕಳೆದುಕೊಂಡು ದಾಟಿದ ಸಮಾಚಾರವದು. ಅದಕ್ಕೆ ಮೊದಲು ನಾಲ್ಕನೆಯ ಇನಿಂಗ್ಸಿನಲ್ಲಿ 400 ಮೀರಿ ಗೆದ್ದದ್ದು 1948ರಲ್ಲಿ ಆಸ್ಟ್ರೇಲಿಯಾ ಮಾತ್ರ. ನಮಗಾಗ ಆರು ವರ್ಷ. ತೀರ್ಥರೂಪರು ಆ ತುಂಡನ್ನು ಎಷ್ಟು ಸಲ ಓದಿ ಹೇಳಿದರೆಂದರೆ, ಅಕ್ಷರಮಾಲೆಗೆ ಮೊದಲೇ ವಿಶ್ವನಾಥರ 112, ಬ್ರಿಜೇಶ್ ಪಟೇಲರ ಔಟಾಗದ 49, ಮೊದಲ ಸರದಿಯಲ್ಲಿ ಚಂದ್ರಶೇಖರರು ಕಿತ್ತ 6 ವಿಕೆಟುಗಳು ನಮಗೆ ಬಾಯಿಪಾಠವಾಗಿದ್ದವು. ಗಾವಸ್ಕರರ 102 ಮತ್ತು ಮೊಹಿಂದರ್ ಅಮರನಾಥರ 85 ಇಲ್ಲದೆ ಆ ಗೆಲುವೇ ಇಲ್ಲ. ಆದರೆ ತೀರ್ಥರೂಪರ ಲೆಕ್ಕದಲ್ಲಿ ಅವೆಲ್ಲ ಕೈಸಾಲ. 1956ರಲ್ಲಿ ಗಡಿಯ ಈಚೆಗೆ ಉಳಿದುಹೋದವರು ಲೆಕ್ಕ ಬರೆಯುವ ಕ್ರಮವೇ ಹಾಗೆ.

ಅವರಿಗೀಗ 83. ಅವರನ್ನೂ ಕರೆದೊಯ್ಯುವುದೆಂದೇ ಮೊದಲ ಹಂಚಿಕೆಯಾಗಿತ್ತು. ನಿವೃತ್ತಿಯಾದ ಮೇಲೆ ಹೋದರಾಗದೇ ಎಂದು ನಮ್ಮಾಕೆ ಕೇಳಿದಳು. ಕೇಳಿದವಳೇ ಮಾವನವರ ಕೋಣೆಯತ್ತ ನೋಡಿ ಸುಮ್ಮನಾದಳು. ಹಣದ ಮಾತು ದೀರ್ಘವಾದೀತು, ಇಲ್ಲಿ ಬೇಡ. ಭವಿಷ್ಯನಿಧಿ ಕೊಂಚ ಕರಗುವುದೆಂದರೆ ಸಾಕು.

ಋತು ನಮಗೆ ಅನುಕೂಲವಾಗಿದೆ. ಆ ದ್ವೀಪದಲ್ಲಿ ಜನವರಿಯಿಂದ ಮೇ ತನಕ ಒಣಗಾಲ, ಜೂನಿನಿಂದ ಮಳೆ. ಕೆರಿಬಿಯನ್ ಸಮುದ್ರದ ಚಂಡಮಾರುತಗಳ ಕಾಲವೂ ಜೂನಿನಿಂದ ನವೆಂಬರದವರೆಗೆ. ವೆನೆಜುವೆಲಾದ ಮಗ್ಗುಲಲ್ಲೇ ಇರುವ ಟ್ರಿನಿಡಾಡಿಗೆ ಅವುಗಳ ಹೊಡೆತ ತೀರ ಅಪರೂಪ. ಅಲ್ಪಕಾಲದ ಪ್ರವಾಸಕ್ಕೆ ಹೋಗುವ ಭಾರತೀಯರಿಗೆ ಅಲ್ಲಿಯ ವೀಸಾ ಬೇಕಿಲ್ಲ. ಆದರೆ ನೇರ ವಿಮಾನವಿಲ್ಲ. ಅಮೆರಿಕದ ದಾರಿಯಾಗಿ ಹೋದರೆ, ಬರಿದೇ ವಿಮಾನ ಬದಲಿಸುವುದಕ್ಕೂ ಆ ದೇಶದ ವೀಸಾ ಬೇಕು. ಇದ್ದ ಊರಿಗೆ ಕರೆಯಿದೆ, ನಡುವಣ ಊರಿನಲ್ಲಿ ತಡೆಯಿದೆ. 2024ರ ಡಿಸೆಂಬರ್ 30ರಂದು ದರೋಡೆಕೂಟಗಳ ಕೊಲೆಗಳಿಂದಾಗಿ ಅಲ್ಲಿ ತುರ್ತುಪರಿಸ್ಥಿತಿ ಘೋಷಿಸಿದ ಸಂಗತಿಯನ್ನು ಮನೆಯಲ್ಲಿ ಹೇಳಬೇಕೋ ಬೇಡವೋ ಎಂದು ಎರಡು ದಿನ ತೂಗಿದೆವು. ಮೂರನೆಯ ದಿನ ನಮ್ಮಾಕೆಯೇ ನಮಗೆ ಹೇಳಿದಳು! ರಾತ್ರಿ ಹೊರಗೆ ತಿರುಗುವುದಿಲ್ಲವೆಂದು ಮಾತು ಕೊಟ್ಟಿದ್ದೇವೆ.

ನಿಜವಾದ ತಡೆ ಬಂದದ್ದು ಸೊಳ್ಳೆಯಿಂದ. ಟ್ರಿನಿಡಾಡು ಹಳದಿಜ್ವರದ ಭೀತಿಯಿರುವ ದೇಶಗಳ ಪಟ್ಟಿಯಲ್ಲಿದೆ. ನಮ್ಮ ದೇಶದಲ್ಲಿ ಆ ರೋಗವಿಲ್ಲ, ಅದನ್ನು ಹರಡಬಲ್ಲ ಸೊಳ್ಳೆ ಬೇಕಾದಷ್ಟಿದೆ. ಆದ್ದರಿಂದ ಅಲ್ಲಿಂದ ಮರಳುವವರ ಬಳಿ ಲಸಿಕೆಯ ಪ್ರಮಾಣಪತ್ರವಿಲ್ಲದಿದ್ದರೆ ಆರು ದಿನಗಳ ತನಕ ಪ್ರತ್ಯೇಕವಾಗಿ ಇರಿಸುತ್ತಾರೆ. ಹತ್ತು ದಿನ ಮೊದಲೇ ಚುಚ್ಚಿಸಿಕೊಳ್ಳಬೇಕು. 2016ರಿಂದೀಚೆಗೆ ಒಮ್ಮೆ ಪಡೆದ ಪತ್ರ ಆಜೀವ ಸಲ್ಲುತ್ತದೆ. ಆದರೆ ಅದು ಜೀವಂತ ವೈರಾಣುವಿನ ಲಸಿಕೆ. ಅರುವತ್ತು ದಾಟಿದವರಿಗೇ ಯೋಚಿಸಿ ಕೊಡತಕ್ಕದ್ದು. 83ರಲ್ಲಿ ತಾವು ಒಪ್ಪಲಾರೆವೆಂದು ವೈದ್ಯರು ಸ್ಪಷ್ಟವಾಗಿ ನುಡಿದರು. ದಾರಿಯುದ್ದಕ್ಕೂ ತೀರ್ಥರೂಪರು ಮಾತಾಡಲಿಲ್ಲ. ಮನೆಯ ಮೆಟ್ಟಿಲಲ್ಲಿ ಚಪ್ಪಲಿ ಕಳಚುತ್ತ, “ನೀವಿಬ್ಬರು ಹೋಗಿ ಬನ್ನಿ. ಬೇಗ ಹೋಗಿ, ಬೇಗ ಬಂದು ಹೇಳಿ,” ಎಂದರು.

ಅಂದಿನಿಂದ ಹಂಚಿಕೆ ಅವರದೇ ಆಯಿತು. ನಾವು ನೋಡಬೇಕಾದ ಸ್ಥಳಗಳನ್ನು ಅವರು ಗುರುತಿಸುತ್ತಾರೆ, ನಾವು ಬರೆದುಕೊಳ್ಳುತ್ತೇವೆ. ಲಾ ಬ್ರೇಯಲ್ಲಿ ನೆಲದಿಂದಲೇ ಉಕ್ಕುವ ಡಾಂಬರಿನ ಸರೋವರ. 1595ರಲ್ಲಿ ವಾಲ್ಟರ್ ರಾಲೆಯು ತನ್ನ ಹಡಗುಗಳ ಬಿರುಕಿಗೆ ಮೆತ್ತಿದ್ದು ಅದನ್ನೇ. ಕಡಲಾಮೆಗಳು ಮೊಟ್ಟೆಯಿಡುವ ಉತ್ತರದ ತೀರ. ನಮ್ಮ ಅಡಿಕೆತೋಟದ ನೆರಳಿನಲ್ಲಿ ಕೋಕೋ ಬೆಳೆಯುವುದರಿಂದ, ಟ್ರಿನಿಡಾಡಿನ ಹೆಸರನ್ನೇ ಹೊತ್ತ ‘ಟ್ರಿನಿಟಾರಿಯೊ’ ಕೋಕೋ ಮರವನ್ನೂ ನೋಡಿಬರಬೇಕಂತೆ. ಬೀಜ ತರಕೂಡದೆಂದು ನಾವು ಎಚ್ಚರಿಸಬೇಕಾಯಿತು.

ವಾಟರ್‌ಲೂ ಎಂಬಲ್ಲಿಯ ಗುಡಿಯನ್ನು ನಾವಾಗಿಯೇ ಸೇರಿಸಿದೆವು. ಸೇವದಾಸ ಸಾಧು ಎಂಬ ಕಬ್ಬಿನ ತೋಟದ ಕೂಲಿಯು ಸಕ್ಕರೆ ಕಂಪೆನಿಯ ನೆಲದಲ್ಲಿ ದೇಗುಲ ಕಟ್ಟಿದ. ಅದನ್ನು ಕೆಡವಿ ಅವನನ್ನು ಸೆರೆಗೆ ಹಾಕಿದರು. ಹೊರಬಂದವನು, ಸಮುದ್ರಕ್ಕೆ ಒಡೆಯನಿಲ್ಲವಷ್ಟೆ ಎಂದುಕೊಂಡು, ಸೈಕಲಿನ ಮೇಲೆ ಕಲ್ಲು ಹೇರಿಕೊಂಡು ಹೋಗಿ ನೀರಿನೊಳಗೇ ನೆಲ ತುಂಬಿಸಿ ಗುಡಿ ಎಬ್ಬಿಸಿದ. ಒಬ್ಬನೇ, ವರ್ಷಾನುವರ್ಷ.

ಅವನಂಥವರ ಪೂರ್ವಜರ ಮೊದಲ ತಂಡ ಕಲ್ಕತ್ತೆಯಿಂದ ‘ಫತೆಲ್ ರಜಾಕ್’ ಹಡಗಿನಲ್ಲಿ ಹೊರಟು 1845ರ ಮೇ 30ರಂದು ಅಲ್ಲಿ ತಲುಪಿತು. 1917ರವರೆಗೆ ಕರಾರಿನ ಕೂಲಿಗಳಾಗಿ ಹೋದವರು 1,40,000ಕ್ಕೂ ಮಿಕ್ಕು; ಬಹುಪಾಲು ಗಂಗೆಯ ಬಯಲಿನವರು, ಕೆಲವರು ಮದರಾಸಿನಿಂದ ಹಡಗೇರಿದವರು. ಇಂದು ಆ ನಾಡಿನಲ್ಲಿ ದಾಲ್‌ಪೂರಿಯಿದೆ, ಕಡಲೆಯ ಪಲ್ಯ ತುಂಬಿದ ‘ಡಬಲ್ಸ್’ ಬೀದಿಬೀದಿಯಲ್ಲಿ ಸಿಗುತ್ತದೆ, ದೀಪಾವಳಿಗೆ ಸಾರ್ವತ್ರಿಕ ರಜೆಯಿದೆ. ಅವರು ಕೊಂಡೊಯ್ದ ಭೋಜಪುರಿ ಮಾತು ಮಾತ್ರ ಕೆಲವು ಮುದುಕರ ನಾಲಗೆಯಲ್ಲಿ ಉಳಿದಿದೆ. ಮಕ್ಕಳು ಕಲಿತದ್ದು ಇಂಗ್ಲಿಷ್ ಶಾಲೆಯಲ್ಲಿ. ಇದನ್ನು ಓದಿದ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ನಮ್ಮ ಕನ್ನಡ ಶಾಲೆಯ ಒಂದನೆಯ ತರಗತಿಗೆ ಈ ವರ್ಷ ಸೇರಿದವರು ಒಂಬತ್ತು ಮಂದಿ. ನಾವು ಕೆಲಸಕ್ಕೆ ಸೇರಿದಾಗ ಮೂವತ್ತೊಂದು.

ಮೇ 30 ಅಲ್ಲಿ ‘ಭಾರತೀಯರ ಆಗಮನ ದಿನ’ವೆಂಬ ರಾಷ್ಟ್ರೀಯ ರಜೆ. ಆ ದಿನ ಅಲ್ಲಿದ್ದು, ಮುದುಕರೊಬ್ಬರನ್ನು ಹುಡುಕಿ ಆ ಮಾತನ್ನು ಕಿವಿಯಾರೆ ಕೇಳಬೇಕೆಂದು ಬಹಳವಾಗಿ ಆಸೆಪಟ್ಟೆವು. ಆದರೆ ಜೂನ್ ಮೊದಲಿಗೆ ನಮ್ಮ ಶಾಲೆ ತೆರೆಯುತ್ತದೆ. ಪೂರ್ವಕ್ಕೆ ಮರಳುವಾಗ ಒಂಬತ್ತೂವರೆ ಗಂಟೆ ಕೈಯಿಂದ ಜಾರಿಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಮೇ ತಿಂಗಳೆಂದರೆ ನಾವೂ ಸಹೋದ್ಯೋಗಿಗಳೂ ಮನೆಮನೆಯ ಜಗಲಿ ಹತ್ತಿ ಮಗುವನ್ನು ನಮ್ಮಲ್ಲಿಗೆ ಕಳಿಸಿರೆಂದು ಕೇಳಿಕೊಳ್ಳುವ ಕಾಲ. ಕಳೆದ ವರ್ಷದ ಒಂಬತ್ತರಲ್ಲಿ ನಾಲ್ಕು ಮಕ್ಕಳು ಹಾಗೆ ಬಂದವರು. ಕೊನೆಗೆ ಏಪ್ರಿಲ್ 18ಕ್ಕೆ ಹೊರಟು ಮೇ 3ಕ್ಕೆ ಊರು ಸೇರುವುದೆಂದು ಬರೆದಿಟ್ಟೆವು.

ಓವಲ್ ಮೈದಾನದಲ್ಲಿ ಚಂದ್ರಶೇಖರರು ಯಾವ ತುದಿಯಿಂದ ಚೆಂಡೆಸೆದರೆಂದು ಕೇಳಿಕೊಂಡು ಬರುವುದು ತೀರ್ಥರೂಪರು ಒಪ್ಪಿಸಿದ ಕೆಲಸ. ಹೊರಡುವ ದಿನ ಮಂಗಳೂರಿನ ವಿಮಾನನಿಲ್ದಾಣದ ತನಕ ತಾವೂ ಬರುತ್ತಾರಂತೆ. ಅಲ್ಲಿಯವರೆಗೆ ಚುಚ್ಚುಮದ್ದು ಬೇಡವಷ್ಟೆ ಎಂದು ನಿನ್ನೆ ಕೇಳಿದರು.