ಇಪ್ಪತ್ತೆರಡು ಅಕ್ಷರದ ಕಡಿವಾಣ

2024ರ ವೈದ್ಯಕೀಯ ನೋಬೆಲ್ ಬಂದಿದ್ದು ಮೈಕ್ರೋ ಆರ್‌ಎನ್‌ಎ ಕಂಡುಹಿಡಿದ ಆಂಬ್ರೋಸ್, ರವ್‌ಕನ್ ಅವರಿಗೆ. 1993ರಲ್ಲಿ ಒಂದು ಮಿಲಿಮೀಟರಿನ ಹುಳದಲ್ಲಿ ಸಿಕ್ಕ ತುಣುಕು ಅದು. ಹುಳದ ವಿಷಯ ತಾನೇ ಅಂತ ಆಗ ಹೆಚ್ಚಿನವರು ತಲೆ ಕೆಡಿಸಿಕೊಳ್ಳಲಿಲ್ಲ.

ನಾನು ತಲೆ ಕೆಡಿಸಿಕೊಂಡಿದ್ದಕ್ಕೆ ಕಾರಣ ಬೇರೆ. ಡೊಂಬಿವಲಿಯಲ್ಲಿ ನಮ್ಮ ಜೊತೆಗೇ ಇರೋ ಅಕ್ಕನ ಮಗಳಿಗೆ ಲೂಪಸ್. "ಮೈಯೇ ಮೈ ಮೇಲೆ ಬೀಳೋದು ಅಂದ್ರೆ ಎಂತದೋ?" ಅಂತ ಶಿವಮೊಗ್ಗದಿಂದ ಅಕ್ಕ ಕೇಳ್ತಾಳೆ.

ವೈರಸ್ ಬಂದಾಗ ಜೀವಕೋಶಗಳು ಇಂಟರ್‌ಫೆರಾನ್ ಅನ್ನೋ ಕೂಗು ಹಾಕುತ್ತವೆ. ಆಮೇಲೆ ಆ ಕೂಗು ಅಡಗಿಸೋರೂ ಬೇಕಲ್ಲ? ಅಂಥವುಗಳಲ್ಲೊಂದು ಮೈಕ್ರೋ ಆರ್‌ಎನ್‌ಎ-146ಎ. ಬರೀ 22 ಅಕ್ಷರ! ಪ್ರೋಟೀನ್ ತಯಾರಿಸೋಕೆ ಹೊರಟ ಆರ್ಡರ್ ಚೀಟಿಗೆ ಅಂಟಿಕೊಂಡು "ಇನ್ನು ಸಾಕು" ಅನ್ನೋದಷ್ಟೇ ಅದರ ಕೆಲಸ. ಲೂಪಸ್ ರೋಗಿಗಳ ಬಿಳಿ ರಕ್ತಕಣಗಳಲ್ಲಿ ಇದು ಕಡಿಮೆ ಇರೋದನ್ನ 2009ರಲ್ಲಿ ಶಾಂಘೈ ಸಂಶೋಧಕರು ತೋರಿಸಿದರು. ಕಡಿಮೆ ಇದ್ದವರಲ್ಲಿ ರೋಗದ ಕಾವೂ ಜಾಸ್ತಿ. ಕಾರಣ ಇದೊಂದೇ ಅಲ್ಲ ಬಿಡಿ.

"ಹಾಗಾದ್ರೆ ಅದನ್ನೇ ಇಂಜೆಕ್ಷನ್ ಕೊಡಿಸೋ" ಅಂದ್ಲು ಅಕ್ಕ. ಅಂಥ ಔಷಧಿ ಇನ್ನೂ ಬಂದಿಲ್ಲ. ಹುಡುಗಿಗೆ ಸದ್ಯ ಹಳೇ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ, ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ. ಈ ಶನಿವಾರ ಕರಕೊಂಡು ಹೋಗಬೇಕು.